ಗಾಲಿಯ ನಾಭಿಗೆ ಒಂದು ಈಟಿ

ಯಾವೊರ್ನಾ ಊರಿನ ಗಾಲಿ ಕೆಲಸದ ಮನೆಯ ಬಾಗಿಲ ಮೇಲೆ, ಕಲ್ಲಿನಲ್ಲಿ ಒಂದು ಚಕ್ರ ಕೆತ್ತಿದೆ. ಆ ಮನೆಯಲ್ಲಿ ಚೆನ್ಯೆಕ್ ಲಿಷ್ಕಾ ಸಾಯುವ ತನಕ ಇದ್ದ. ಚಕ್ರ ಕೆತ್ತಿಸಿದವನು ಅವನಲ್ಲ, ಅವನ ಅಪ್ಪನೂ ಅಲ್ಲ. ಆ ಮನೆ ಅವನಿಗೆ ಸಿಕ್ಕಿದ್ದು ಒಂದು ಶಬ್ದದಿಂದ. ಅದಕ್ಕೆ ಹೌದೆಂದ ಗಳಿಗೆಯಲ್ಲಿ ಅದು ಸುಳ್ಳೆಂದು ಅವನಿಗೆ ಅನಿಸಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡನೆಯ ವಸಂತ. ಚೆಕ್ಕರ ಬೊಹೀಮಿಯದ ಗಡಿಯ ಊರುಗಳಲ್ಲಿದ್ದ ಜರ್ಮನರನ್ನು ರೈಲುಗಳಲ್ಲಿ ತುಂಬಿ ಗುಡ್ಡದ ಆಚೆಗೆ, ಜರ್ಮನಿಯ ಬವೇರಿಯಕ್ಕೆ, ಕಳಿಸಿ ಆಗಿತ್ತು. ಖಾಲಿಯಾದ ಮನೆಗಳಿಗೆ ಬೇರೆ ಕಡೆಗಳ ಚೆಕ್ ಜನ ಬಂದು ಸೇರುತ್ತಿದ್ದರು. ಚೆನ್ಯೆಕ್ ಬಂದದ್ದು ಪೂರ್ವಕ್ಕೆ, ಸೋವಿಯತ್ ನಾಡಿನಲ್ಲಿದ್ದ ವೊಲಿನ್ಯದಿಂದ. ಭೂಮಿ ಅಗ್ಗವೆಂದು ಅವನ ಮುತ್ತಜ್ಜ ಆ ಬಯಲುನಾಡಿಗೆ ಹೋಗಿ ನೆಲೆಸಿದ್ದ. ಯುದ್ಧದಲ್ಲಿ ಅಲ್ಲಿಯ ಮನೆ ಸುಟ್ಟುಹೋಯಿತು. ಚೆನ್ಯೆಕ್ ಮತ್ತು ಅವನ ಹೆಂಡತಿ ಅನೆಷ್ಕಾ ಎರಡು ಚಳಿಗಾಲ ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿದರು. ಆಮೇಲೆ ಒಂದು ಹಸು, ಎರಡು ಪೆಟ್ಟಿಗೆ ಮತ್ತು ಅವನ ಅಪ್ಪನ ಹತ್ಯಾರಗಳ ಚೀಲದೊಂದಿಗೆ ಸರಕು ರೈಲು ಹತ್ತಿದರು. ಇಳಿದ ಊರಿನಲ್ಲಿ ಮನೆ ಹಂಚುವ ಕಚೇರಿಯ ಮುಂದೆ ಉದ್ದನೆಯ ಸಾಲಿತ್ತು.

“ಕಸುಬು?” ಎಂದ ಗುಮಾಸ್ತ, ತಲೆ ಎತ್ತದೆ.

“ಮರದ ಕೆಲಸ.”

“ಮರದ ಕೆಲಸ ಅಂದ್ರೆ ಯಾವುದಪ್ಪಾ? ಹೆಣದ ಪೆಟ್ಟಿಗೆನೂ ಮರದ್ದೇ, ಪಿಟೀಲೂ ಮರದ್ದೇ. ನೆಬೊಜ಼ೆಜ಼್ ಹಿಡಿದು ಗೊತ್ತಾ?”

“ಏಳು ವರ್ಷದವನಿದ್ದಾಗಿಂದ ಹಿಡಿದಿದ್ದೀನಿ.”

“ಅದನ್ನ ಮೊದಲೇ ಹೇಳೋದಲ್ವಾ? ಯಾವೊರ್ನಾದಲ್ಲಿ ಗಾಲಿ ಮಾಡೋರು ಬೇಕಾಗಿದ್ದಾರೆ. ಮನೆ, ಕಾರ್ಖಾನೆ, ಎಲ್ಲಾ ಒಟ್ಟಿಗೇ ಇದೆ.”

ನೆಬೊಜ಼ೆಜ಼್ ಎಂದರೆ ಚೆಕ್ ಭಾಷೆಯಲ್ಲಿ ಮರ ಕೊರೆಯುವ ಬೈರಿಗೆ. ಚೆನ್ಯೆಕ್ ಪೀಪಾಯಿ ಮಾಡುವವನ ಮಗ, ಅವನ ಕಸುಬೂ ಅದೇ. ಗಾಲಿಯವರ ಬೈರಿಗೆಗೂ ಅದೇ ಹೆಸರು, ಆದರೆ ಪೀಪಾಯಿಯವರದು ಗೇಣುದ್ದದ್ದು. ಬಿರಡೆಯ ತೂತು ಕೊರೆಯುವುದಕ್ಕೆ ಅಷ್ಟು ಸಾಕು. ಏಳು ವರ್ಷದ ಹುಡುಗನ ಕೈಗೆ ಅವನ ಅಪ್ಪ ಕೊಟ್ಟದ್ದು ಅದನ್ನೇ. ಗಾಲಿ ಎಂಬ ಮಾತು ಕಿವಿಗೆ ಬಿದ್ದಾಗ ಅವನು ತಿದ್ದಲು ಬಾಯಿ ತೆರೆದ. ಹಿಂದೆ, ಬಾಗಿಲ ಚೌಕಟ್ಟಿಗೆ ಒರಗಿ ಅನೆಷ್ಕಾ ನಿಂತಿದ್ದಳು. ಮನೆ ಎಂಬ ಮಾತು ಅವಳಿಗೂ ಕೇಳಿಸಿತ್ತು. ಅವಳು ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು, ಯಾರದೋ ಮುಂದೆ ಹೋಗಬೇಕಾದವಳ ಹಾಗೆ. ಚೆನ್ಯೆಕ್ ತೆರೆದ ಬಾಯಿಯನ್ನು ಮುಚ್ಚಿಕೊಂಡ.

ಯಾವೊರ್ನಾದ ಕಾರ್ಖಾನೆಯ ಮೂಲೆಯಲ್ಲಿ ಅವನು ಮೊದಲು ಕಂಡದ್ದು ಇನ್ನೊಂದು ಬೈರಿಗೆಯನ್ನು. ನೆಲದ ಮೇಲೆ ನಿಲ್ಲಿಸಿದರೆ ಅವನ ಎದೆಯವರೆಗೆ ಬರುತ್ತಿತ್ತು. ತುದಿಯಲ್ಲಿ ಸೌಟಿನ ಹಾಗೆ ಬಾಗಿದ ಅಲಗು, ಮೇಲೆ ಅಡ್ಡಕ್ಕೆ ತೂರಿಸಿದ ಪೇರ್ ಹಣ್ಣಿನ ಜಾತಿಯ ಮರದ ಹಿಡಿ. ಹಿಡಿಯಲ್ಲಿ ಎರಡು ಕಡೆ ತಗ್ಗು ಬಿದ್ದಿತ್ತು. ಯಾರದೋ ಅಂಗೈಗಳು ವರ್ಷಗಟ್ಟಲೆ ಕೂತು ಎದ್ದ ಜಾಗ ಅದು.

ಆ ಅಂಗೈಗಳ ಯಜಮಾನ ಕಾರ್ಖಾನೆಯ ಹಿಂದಿನ ಕೋಣೆಯಲ್ಲೇ ಇದ್ದ. ಇಗ್ನಾಜ್ ಪಾಂಗರ್ಲ್, ಆ ಕಣಿವೆಗೆಲ್ಲ ಗಾಲಿ ಮಾಡಿಕೊಟ್ಟ ಜರ್ಮನ್ ಮುದುಕ. ಹಿಂದಿನ ಶರತ್ಕಾಲದಲ್ಲಿ ಅವನ ಹೆಂಡತಿ ರೋಜ಼ೀನಾ ವಿಧವೆ ಮಗಳ ಜೊತೆ ರೈಲು ಹತ್ತಿದ್ದಳು. ಅವನನ್ನು ಮಾತ್ರ ಉಳಿಸಿಕೊಂಡಿದ್ದರು. ಬೇರೆ ಗಾಲಿ ಕೆಲಸದವನು ಸಿಗುವ ತನಕ ಇವನು ಬೇಕೇ ಬೇಕು ಎಂದು ಊರಿನ ಸಮಿತಿ ತೀರ್ಮಾನಿಸಿತ್ತು. ರೋಜ಼ೀನಾ ಇದ್ದ ಊರು ಗುಡ್ಡದ ಆಚೆಗೇ ಇತ್ತು. ಮೇವಿನ ಹೊಲದಲ್ಲಿ ನಿಂತರೆ ಆ ಗುಡ್ಡ ಕಾಣುತ್ತಿತ್ತು.

ಸಮಿತಿಯ ಅಧ್ಯಕ್ಷ ಬೂರಿಯನ್ ಒಳನಾಡಿನಿಂದ ಬಂದ ಹಿಟ್ಟಿನ ಗಿರಣಿಯವನು. ದಪ್ಪ ಮನುಷ್ಯ, ಒರಟು ಮಾತು. ಮೊದಲ ದಿನವೇ ಬಂದು ವಿಷಯ ಹೇಳಿಹೋದ.

“ನೋಡಯ್ಯಾ ರಷ್ಯನ್ನೇ, ಈ ಮುದುಕನನ್ನ ಇಟ್ಟುಕೊಂಡಿರೋದು ಗಾಲಿಗೋಸ್ಕರ. ಇಲ್ಲಿಯ ಗಾಡಿಗಳ ಅಂದಾಜು ನಿನಗೆ ಸಿಗೋ ತನಕ ಇರ್ಲಿ. ನೀನು ಸಾಕು ಅಂದ ದಿನ ಹೆಂಡ್ತಿ ಹತ್ರ ಹೋಗ್ತಾನೆ.”

“ನಾನು ರಷ್ಯನ್ ಅಲ್ಲ, ಅಧ್ಯಕ್ಷರೇ. ಚೆಕ್.”

“ಲಿಷ್ಕಾ ಅಂತ ಹೆಸರಿಟ್ಕೊಂಡಿದ್ದೀಯಲ್ಲ. ನರಿ ಎಲ್ಲಿಂದ ಬಂದ್ರೂ ನರಿನೇ,” ಎಂದು ಆ ಹೆಸರಿನ ಅರ್ಥ ಹಿಡಿದು ನಕ್ಕು, ಹೊರಟವನು ತಿರುಗಿದ. “ಇನ್ನೊಂದು. ಈ ಊರಲ್ಲಿ ಜರ್ಮನ್ ಮಾತು ಕೇಳಿಸಬಾರದು. ಕೇಳಿಸ್ತು ಅಂದ್ರೆ ಇವನನ್ನ ಆಚೆಗೂ ಕಳಿಸಲ್ಲ, ಇಲ್ಲೂ ಇಡಲ್ಲ. ಒಳನಾಡಿನ ಕಲ್ಲಿದ್ದಲ ಗಣಿಗೆ ಹಾಕಿಸ್ತೀನಿ.”

ಅಧ್ಯಕ್ಷ ಹೋದ ಮೇಲೆ ಚೆನ್ಯೆಕ್ ಮತ್ತು ಮುದುಕ ಇಬ್ಬರೇ ಉಳಿದರು. ಒಬ್ಬನಿಗೆ ಜರ್ಮನ್ ಬಾರದು. ಇನ್ನೊಬ್ಬನ ಚೆಕ್ ಸಂತೆಯಲ್ಲಿ ಕಲಿತದ್ದು. ಏನಾದರೂ ಮಾತಾಡಬೇಕೆಂದು ಚೆನ್ಯೆಕ್ ಮೂಲೆಯ ಕಡೆ ಕೈ ತೋರಿಸಿ, “ನೆಬೊಜ಼ೆಜ಼್,” ಎಂದ.

ಮುದುಕನ ಹುಬ್ಬು ಮೇಲೇರಿತು. “ನೇಬಿಗರ್,” ಎಂದ, ಬಾಗಿಲ ಕಡೆ ನೋಡುತ್ತ, ಮೆಲ್ಲಗೆ.

“ನೆಬೊಜ಼ೆಜ಼್.”

“ನೇಬಿಗರ್.”

ಒಂದೇ ಊರಿನ ಎರಡು ಮನೆಗಳಲ್ಲಿ ಒಂದೇ ಮಗುವನ್ನು ಬೇರೆ ಬೇರೆ ಮುದ್ದಿನ ಹೆಸರಿನಿಂದ ಕರೆದ ಹಾಗಿತ್ತು. ಮುದುಕ ನಕ್ಕ. ಅವನಿಗೆ ಮುಂದಿನ ಹಲ್ಲುಗಳಿರಲಿಲ್ಲ.

ಆದರೆ ಚೆನ್ಯೆಕ್ ಮರದ ದಿಮ್ಮಿಯನ್ನು ಕೈಗೆತ್ತಿಕೊಂಡ ಕೂಡಲೇ ಆ ನಗು ನಿಂತಿತು. ಪೀಪಾಯಿಯವರು ಮರವನ್ನು ತೊಡೆಗೆ ಒತ್ತಿ ತಮ್ಮ ಕಡೆಗೆ ಬಾಗಿಸಿಕೊಳ್ಳುತ್ತಾರೆ. ಗಾಲಿಯವರು ಮರವನ್ನು ನಿಲ್ಲಿಸಿ ತಾವು ಅದರ ಸುತ್ತ ಹೋಗುತ್ತಾರೆ. ಇಗ್ನಾಜ್ ಒಂದು ಕ್ಷಣ ನೋಡಿದ.

“ನೀನು ಪೀಪಾಯಿ,” ಎಂದ.

ಚೆನ್ಯೆಕ್ ದಿಮ್ಮಿಯನ್ನು ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು.

ಮುದುಕ ಬೆಂಚಿನ ಮೇಲೆ ಕೂತು ಯೋಚಿಸಿದ. ಇವನನ್ನು ಬೂರಿಯನ್‌ಗೆ ಹಿಡಿದುಕೊಟ್ಟರೆ ಇವನ ಮನೆ ಹೋಗುತ್ತದೆ. ಅದರಿಂದ ತನಗೇನು ಬಂತು? ಇನ್ನೊಬ್ಬ ಗಾಲಿಯವನು ಬರುವ ತನಕ ಮತ್ತೆ ಕಾಯಬೇಕು. ಕಲಿಸಿಬಿಟ್ಟರೆ ತಾನು ಹೋಗಬಹುದು. ಅವನು ಎದ್ದು, ಎಲ್ಮ್ ಮರದ ಒಂದು ತುಂಡನ್ನು ಚೆನ್ಯೆಕ್‌ನ ಮುಂದೆ ನಿಲ್ಲಿಸಿದ. ಅಲ್ಲಿಂದ ಆ ಸುಳ್ಳು ಇಬ್ಬರದೂ ಆಯಿತು.

ಗಾಲಿಯ ನಡುವೆ ಕೂರುವ ದಪ್ಪನೆಯ ನಾಭಿಯನ್ನು ಎಲ್ಮ್‌ನಿಂದ ಮಾಡುತ್ತಾರೆ, ಏಕೆಂದರೆ ಅದರ ಎಳೆಗಳು ಹೆಣೆದುಕೊಂಡಿದ್ದು ಸುಲಭಕ್ಕೆ ಸೀಳುವುದಿಲ್ಲ. ನಾಭಿಯಿಂದ ಅಂಚಿನ ಕಡೆ ಚಾಚುವ ಅರೆಕಾಲುಗಳನ್ನು ಕೂರಿಸುವುದು, ಸುತ್ತಿನ ಪಟ್ಟೆ ಕೂಡಿಸುವುದು, ಇವೆಲ್ಲ ಮರದ ಕೆಲಸ ಬಲ್ಲವನಿಗೆ ಕಲಿತರೆ ಬರುವಂಥವು. ಕಷ್ಟದ್ದು ನಾಭಿಯ ನಡುತೂತು. ಅಚ್ಚು ಹೋಗುವುದು ಅದರಲ್ಲೇ. ಅದು ಕೂದಲೆಳೆಯಷ್ಟು ಓರೆಯಾದರೂ ಗಾಲಿ ವಾಲುತ್ತದೆ, ವಾಲಿದ ಗಾಲಿ ಇಳಿಜಾರಿನಲ್ಲಿ ಗಾಡಿಯನ್ನು ಕೆಡವುತ್ತದೆ. ಮೊದಲು ಎರಡೂ ಮುಖಗಳಿಂದ ಬೆರಳು ಗಾತ್ರದ ತೂತು ಕೊರೆಯಬೇಕು. ಎರಡೂ ನಡುವೆ ಬಂದು ಒಂದನ್ನೊಂದು ಮುಟ್ಟಬೇಕು. ಆಮೇಲೆ ದೊಡ್ಡ ಬೈರಿಗೆ ಆ ದಾರಿಯಲ್ಲಿ ಇಳಿಯುತ್ತದೆ. ಕೊರೆದ ನಾಭಿಯನ್ನು ಸರಳಿಗೆ ಸಿಕ್ಕಿಸಿ ತಿರುಗಿಸುತ್ತ ಅಂಚಿಗೆ ಸುಣ್ಣದ ಕಡ್ಡಿ ಹಿಡಿಯುತ್ತಾರೆ. ಪೂರ್ತಿ ಉಂಗುರ ಮೂಡಿದರೆ ತೂತು ನೆಟ್ಟಗಿದೆ. ಒಂದೇ ಪಕ್ಕಕ್ಕೆ ಗೀಚಿದರೆ ನಾಭಿ ಒಲೆಗೆ.

ಆ ಬೇಸಿಗೆಯೆಲ್ಲ ಚೆನ್ಯೆಕ್‌ನ ನಾಭಿಗಳು ಅನೆಷ್ಕಾಳ ಒಲೆಗೆ ಹೋದವು.

“ನೀನು ಒತ್ತುವುದು,” ಎನ್ನುತ್ತಿದ್ದ ಇಗ್ನಾಜ್. “ಒತ್ತುವುದು ಬೇಡ. ತಿರುಗಿಸುವುದು. ಅವಳು ತಾನೇ ಹೋಗುವುದು.”

“ಯಾರು ಅವಳು, ಮೇಸ್ತ್ರೀ?”

“ಇವಳು,” ಎಂದು ಮುದುಕ ನಾಭಿಯನ್ನು ತಟ್ಟಿದ. ಅವನ ಭಾಷೆಯಲ್ಲಿ ನಾಭಿ ಹೆಣ್ಣು. ಚೆಕ್ ಮಾತಾಡುವಾಗಲೂ ಅವನು ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

“ನಿಮ್ಮ ಅವಳು ನನ್ನ ಮಾತು ಕೇಳಲ್ಲ.”

“ಪೀಪಾಯಿ ಹೊಟ್ಟೆ ತಿವಿದ ಹಾಗೆ ತಿವಿಯುವುದು. ಯಾವಳು ಕೇಳುವುದು?”

ಅಡುಗೆಮನೆಯ ಕಿಟಕಿಯಿಂದ ಅನೆಷ್ಕಾ ನಕ್ಕದ್ದು ಕೇಳಿಸಿತು. ಆದರೆ ಒಳಗೆ ಅವಳು ನಗುತ್ತಿದ್ದದ್ದು ಕಡಿಮೆ. ಮನೆಯಲ್ಲಿದ್ದದ್ದೆಲ್ಲ ರೋಜ಼ೀನಾಳದು: ಹಿಟ್ಟಿನ ಮರಿಗೆ, ಹೆಸರಿನ ಅಕ್ಷರ ಹೊಲಿದ ಒರೆಸುವ ಬಟ್ಟೆ, ಜೀರಿಗೆಯ ಡಬ್ಬಿ. ಇಗ್ನಾಜ್ ಊಟಕ್ಕೆ ಬಂದು ತನ್ನ ಮೇಜಿನ ತುದಿಯಲ್ಲಿ ಅತಿಥಿಯಂತೆ ಕೂರುತ್ತಿದ್ದ. ಆಲೂಗಡ್ಡೆ ಸಾರು ಕುಡಿದು, ತಟ್ಟೆಯನ್ನು ಎಲ್ಲಿಡಬೇಕೆಂದು ಕೇಳುತ್ತಿದ್ದ. ಅದನ್ನು ಇಡುವ ಜಾಗ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ನಾನು ಆ ಮರಿಗೇಲಿ ಹಿಟ್ಟು ನಾದೋವಾಗ ಅವರು ಗೋಡೆ ಕಡೆ ತಿರುಗ್ತಾರೆ,” ಎಂದಳು ಅನೆಷ್ಕಾ ಒಮ್ಮೆ. “ಅವರನ್ನ ಕಳಿಸಿಬಿಡು, ಚೆನ್ಯೆಕ್.”

“ಕಳಿಸಿದ ಮೇಲೆ ನನ್ನ ಗಾಲಿ ಒಂದು ವಾಲಿದ್ರೆ? ಬೂರಿಯನ್ ಸುಮ್ನೆ ಇರ್ತಾನಾ?”

ಅವಳು ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಒಲೆಯ ಕಡೆ ನೋಡಿದಳು. ಅದು ಯುದ್ಧವಾದ ಮೇಲೆ ಅವಳು ಹಚ್ಚಿದ ಮೊದಲ ಸ್ವಂತ ಒಲೆ. “ನಾನು ಇನ್ನೊಂದು ರೈಲು ಹತ್ತಲ್ಲ,” ಎಂದಳು. “ಅಷ್ಟು ಹೇಳ್ತೀನಿ.”

ಹೀಗೆ ಅವಳು ಹೇಳಿದ ಎರಡು ಮಾತುಗಳ ನಡುವೆ ಚೆನ್ಯೆಕ್ ಸಿಕ್ಕಿಕೊಂಡ. ಬೂರಿಯನ್ ಆಗಾಗ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ: “ಸಾಕಾ?” ಚೆನ್ಯೆಕ್ ಹೇಳುತ್ತಿದ್ದ: “ಇನ್ನೂ ಇಲ್ಲ, ಅಧ್ಯಕ್ಷರೇ.” ಬೇಸಿಗೆಯಲ್ಲಿ ಅದು ನಿಜವಾಗಿತ್ತು.

ಶರತ್ಕಾಲಕ್ಕೆ ಅದು ನಿಜವಾಗಿ ಉಳಿಯಲಿಲ್ಲ. ಇಗ್ನಾಜ್ ಗಾಡಿಯೊಂದನ್ನು ನೋಡಲು ಪಕ್ಕದ ಹಳ್ಳಿಗೆ ಹೋಗಿದ್ದ ದಿನ ಚೆನ್ಯೆಕ್ ಒಬ್ಬನೇ ಒಂದು ನಾಭಿ ಕೊರೆದ. ಯಾರೂ ನೋಡದಿದ್ದುದರಿಂದಲೋ ಏನೋ, ಅವನ ಕೈ ಒತ್ತುವುದನ್ನು ಮರೆತಿತ್ತು. ಅಲಗು ತನ್ನ ಭಾರಕ್ಕೇ ಇಳಿಯಿತು, ಚಕ್ಕೆ ಎರಡೂ ಪಕ್ಕ ಒಂದೇ ದಪ್ಪಕ್ಕೆ ಸುರುಳಿಯಾಗಿ ಬಂತು. ಸರಳಿಗೆ ಸಿಕ್ಕಿಸಿ ಸುಣ್ಣದ ಕಡ್ಡಿ ಹಿಡಿದ. ಪೂರ್ತಿ ಉಂಗುರ. ಅವನಿಗೆ ಸಂತೋಷವಾಗಬೇಕಿತ್ತು. ಅದಕ್ಕೆ ಬದಲು ‘ಸಾಕಾ?’ ಎನ್ನುವ ಬೂರಿಯನ್ ನೆನಪಾದ. ಉಂಗುರವನ್ನು ಅಂಗೈಯಿಂದ ಒರೆಸಿ, ನಾಭಿಯನ್ನು ಚಕ್ಕೆಗಳ ರಾಶಿಯಲ್ಲಿ ಹೂತ.

ಚಕ್ಕೆಗಳನ್ನು ಒಲೆಗೆ ಒಯ್ಯುವುದು ಇಗ್ನಾಜನ ಕೆಲಸವೆಂಬುದನ್ನು ಅವನು ಮರೆತಿದ್ದ. ಮರುದಿನ ಮುದುಕ ರಾಶಿ ಕೆದಕಿ ಅದನ್ನು ಎತ್ತಿದ. ತೂತಿಗೆ ಕಣ್ಣಿಟ್ಟು ಬೆಳಕಿನ ಕಡೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಕಿಟಕಿಯ ಮೇಲಿನ ಹಲಗೆಯ ಮೇಲೆ, ಒಳಗೆ ಬಂದ ಯಾರಿಗೂ ಕಾಣುವ ಹಾಗೆ ಇಟ್ಟ.

ಚೆನ್ಯೆಕ್ ಅದನ್ನು ಅಲ್ಲಿಂದ ತೆಗೆಯಲಿಲ್ಲ, ಅದರ ಬಗ್ಗೆ ಮಾತಾಡಲೂ ಇಲ್ಲ. ಇಗ್ನಾಜ್ ಅಂದಿನಿಂದ ಕಲಿಸುವುದನ್ನು ನಿಲ್ಲಿಸಿದ. ಕೇಳಿದ ಕೆಲಸ ಮಾಡುತ್ತಿದ್ದ, ಕೊಟ್ಟ ಊಟ ಉಣ್ಣುತ್ತಿದ್ದ. ಬೂರಿಯನ್ ಮತ್ತೆ ಬಂದು “ಸಾಕಾ?” ಎಂದಾಗ ಚೆನ್ಯೆಕ್ “ಇನ್ನೂ ಇಲ್ಲ” ಎಂದ. ಮುದುಕ ಬೆನ್ನು ತಿರುಗಿಸಿ ಅಲಗು ಮಸೆಯುತ್ತಲೇ ಇದ್ದ. ಮಸೆಯುವ ಸದ್ದು ಮಾತ್ರ ಒಂದೆರಡು ಸಲ ತಪ್ಪಿತು. ಆ ಚಳಿಗಾಲ ಹಿಮ ಬಾಗಿಲ ಹೊಸ್ತಿಲ ಮೇಲೇರಿತ್ತು. ಮೂವರೂ ಒಂದೇ ಒಲೆಯ ಸುತ್ತ ಕೂರಬೇಕಾಗಿತ್ತು, ಚೆನ್ಯೆಕ್‌ಗೆ ಈಗ ನಾಭಿ ಕೊರೆಯಲು ಬರುತ್ತದೆಂದು ಮೂವರಿಗೂ ಗೊತ್ತಿತ್ತು.

ಹಿಮ ಕರಗುವ ಹೊತ್ತಿಗೆ ಬೂರಿಯನ್ ಒಬ್ಬನೇ ಬರಲಿಲ್ಲ. ಜೊತೆಗೆ ಶಾಲೆಯ ಕಲಿನಾ ಮೇಷ್ಟ್ರು ಇದ್ದರು. ಸಣಕಲು ಮನುಷ್ಯ, ಕೋಟಿನ ಜೇಬೆಲ್ಲ ಸೀಮೆಸುಣ್ಣದ ಪುಡಿ. ಊರಿನಲ್ಲಿ ಬರೆಯುವ ಕೆಲಸವೆಲ್ಲ ಅವರ ತಲೆಗೇ ಬರುತ್ತಿತ್ತು.

“ಸಂಸಾರಗಳನ್ನ ಒಟ್ಟುಗೂಡಿಸೋ ರೈಲು ಹೊರಡ್ತಾ ಇದೆ,” ಎಂದ ಬೂರಿಯನ್. “ಇದಾದ ಮೇಲೆ ಇನ್ನೊಂದು ಇದೆಯೋ ಇಲ್ಲವೋ ದೇವರೇ ಬಲ್ಲ. ಗಡಿ ಬಿಗಿಯಾಗ್ತಾ ಇದೆ. ಹೇಳು ನರಿಯಪ್ಪಾ, ಮುದುಕ ಸಾಕಾ, ಬೇಕಾ?”

ಚೆನ್ಯೆಕ್ ನೆಲ ನೋಡಿದ. “ಇನ್ನೂ ಇಲ್ಲ, ಅಧ್ಯಕ್ಷರೇ.”

ಮಸೆಯುವ ಸದ್ದು ನಿಂತಿತು. ಇಗ್ನಾಜ್ ಎದ್ದು ಮೂಲೆಗೆ ಹೋದ. ದೊಡ್ಡ ಬೈರಿಗೆಯನ್ನು ಎರಡೂ ಕೈಯಿಂದ ತಂದು ಚೆನ್ಯೆಕ್‌ನ ಎದೆಗೆ ಎದುರಾಗಿ ನಿಲ್ಲಿಸಿ, ತೆಗೆದುಕೋ ಎನ್ನುವ ಹಾಗೆ ಹಿಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ನೇಬಿಗರ್,” ಎಂದ.

ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು.

“ಏನಂದ?” ಬೂರಿಯನ್‌ನ ಕುತ್ತಿಗೆ ಉಬ್ಬಿತು. “ನನ್ನ ಎದುರಿಗೇ ಜರ್ಮನ್ನಾ? ಮೇಷ್ಟ್ರೇ, ಬರ್ಕೊಳ್ಳಿ. ರೈಲೂ ಬೇಡ, ಗಾಲಿಯೂ ಬೇಡ. ಗಣಿಗೆ.”

“ಜರ್ಮನ್ ಅಲ್ಲ ಅಧ್ಯಕ್ಷರೇ,” ಎಂದ ಚೆನ್ಯೆಕ್. ಮಾತು ಅವನಿಗಿಂತ ಮುಂಚೆ ಹೊರಬಿದ್ದಿತ್ತು. “ನೆಬೊಜ಼ೆಜ಼್ ಅಂದ್ರು. ಹಲ್ಲಿಲ್ಲ, ಅದಕ್ಕೆ ಹಾಗೆ ಕೇಳಿಸ್ತು.”

“ನನ್ನ ಕಿವಿಗೆ ಹಲ್ಲಿದೆ. ಹೇಳಿ ಮೇಷ್ಟ್ರೇ, ಓದಿದವರು ನೀವು. ಅದು ಯಾವ ಭಾಷೆ?”

ಕಲಿನಾ ಮೇಷ್ಟ್ರು ಹಿಂಜರಿದರು. ಯುದ್ಧ ಬಂದು ವಿಶ್ವವಿದ್ಯಾಲಯ ಮುಚ್ಚುವ ಮೊದಲು ಅವರು ಹಳೆಯ ಸ್ಲಾವ್ ಭಾಷೆಗಳನ್ನು ಓದುತ್ತಿದ್ದರು. ಅದನ್ನು ಕೇಳುವವರು ಆಮೇಲೆ ಯಾರೂ ಸಿಕ್ಕಿರಲಿಲ್ಲ. “ಎರಡೂ ಹೌದು, ಎರಡೂ ಅಲ್ಲ,” ಎಂದರು.

“ವಕೀಲರ ಹಾಗೆ ಮಾತಾಡಬೇಡಿ.”

ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ನಕ್ಷತ್ರದ ಹಾಗೆ ಒಂದು ಚುಕ್ಕಿ ಹಾಕಿ, ಅದರ ಪಕ್ಕ ಬರೆದರು: ನಬೊಜ಼ೇಜ಼ು.

“ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ, ಚೆಕ್ಕು, ಪೋಲಿಷು, ರಷ್ಯನ್ನು ಎಲ್ಲಾ ಒಂದೇ ಮನೆಯ ಮಾತಾಗಿದ್ದಾಗ, ನಮ್ಮವರು ಹೀಗೆ ಅಂತಿದ್ರು.”

“ನೀವು ಕೇಳಿಸ್ಕೊಂಡು ಬಂದ್ರಾ?”

“ಇಲ್ಲ. ಎಲ್ಲೂ ಬರೆದಿಟ್ಟಿಲ್ಲ. ಈಗ ಉಳಿದಿರೋ ಮಾತುಗಳನ್ನ ಪಕ್ಕಪಕ್ಕ ಇಟ್ಟು, ಯಾವ ಸದ್ದು ಏನಾಯ್ತು ಅಂತ ಲೆಕ್ಕ ಹಾಕಿ ಕಟ್ಟಿದ್ದು. ಅದಕ್ಕೇ ಮುಂದೆ ಚುಕ್ಕಿ. ಯಾರೂ ಕಣ್ಣಾರೆ ಕಂಡಿಲ್ಲ ಅನ್ನೋದರ ಗುರುತು.” ಅವರು ಕೆಳಗೆ ಇನ್ನೊಂದು ಚುಕ್ಕಿ ಹಾಕಿ ಬರೆದರು: ನಬಗೈಜ಼. “ಇದು ಇವರ ಹಿರಿಯರದು. ನಮ್ಮವರು ತಗೊಂಡದ್ದು ಇದರಿಂದ. ಮೊದಲರ್ಧ ‘ನಬ’, ಅಂದ್ರೆ ಗಾಲಿಯ ನಡುಗುಬ್ಬು. ನಾವು ಚೆಕ್ಕರು ಅದನ್ನ ಗಾಲಿಯ ತಲೆ ಅಂತೀವಿ, ಇವರು ಈಗಲೂ ನಾಬೆ ಅಂತಾರೆ.”

ಅದೇ ಗುಬ್ಬನ್ನು ನಾಭಿ ಎನ್ನುವ ನಮ್ಮ ಕನ್ನಡದ ಕಿವಿಗೆ ಆ ಅರ್ಧ ದೂರದ್ದೆನಿಸಲಾರದು.

“ಉಳಿದರ್ಧ?” ಎಂದ ಬೂರಿಯನ್. ಅವನಿಗೆ ಸಿಟ್ಟು ಇನ್ನೂ ಇತ್ತು, ಆದರೆ ಅವನು ಗಿರಣಿಯವನು. ಹತ್ಯಾರದ ವಿಷಯ ಬಂದರೆ ಕೇಳದೆ ಇರಲಾರ.

ಮೇಷ್ಟ್ರು ಮುದುಕನ ಕಡೆ ತಿರುಗಿದರು. “ಗೇರ್ ಅಂದ್ರೆ ಗೊತ್ತಾ, ಮೇಸ್ತ್ರಿ?”

ಇಗ್ನಾಜ್ ಬೂರಿಯನ್‌ನನ್ನು ನೋಡಿದ. ಬೂರಿಯನ್ ಗಲ್ಲ ಆಡಿಸಿ ಒಪ್ಪಿಗೆ ಕೊಟ್ಟ. “ಅಜ್ಜ,” ಎಂದ ಮುದುಕ. “ಹೊಳೆಯಲ್ಲಿ ನಿಲ್ಲುವುದು. ಮೀನು ಬರುವುದು. ಗೇರ್.” ಗಾಳಿಯಲ್ಲಿ ಈಟಿ ಹಿಡಿದು ಕೆಳಕ್ಕೆ ಚುಚ್ಚಿ ತೋರಿಸಿದ.

“ಅದೇ. ಈಟಿ. ನಾಭಿಯ ಈಟಿ. ಆ ಹಳೆಯ ಗೈಜ಼ ಇವರ ಬಾಯಲ್ಲಿ ಗೇರ್ ಆಯ್ತು, ನಮ್ಮ ಬಾಯಲ್ಲಿ ಜ಼ೇಜ಼್ ಆಯ್ತು. ಮುಂದಿನ ಗಕಾರವನ್ನ ನಾವು ಕೆಡಿಸಿದ್ವಿ, ಕೊನೆಯ ಜ಼ಕಾರವನ್ನ ಇವರು ಕೆಡಿಸಿದ್ರು. ತಲೆ ನಾವು ಕಳ್ಕೊಂಡ್ವಿ, ಬಾಲ ಅವರು ಕಳ್ಕೊಂಡ್ರು. ಮಾತು ಅವರದು, ಆದರೆ ಆ ಕೊನೆಯ ಹಳೇ ಸದ್ದು ಉಳಿದಿರೋದು ನಮ್ಮ ಹತ್ರ.”

“ಅಂದ್ರೆ ನಾವು ಕದ್ವಿ ಅಂತೀರಾ?”

“ಗಾಲಿ ಕೊರೆಯೋದನ್ನ ಯಾರ ಹತ್ರ ಕಲಿತ್ವೋ ಅವರ ಹತ್ರ ಹೆಸರೂ ಬಂತು. ಕಲಿತವರು ಉಳಿಸ್ಕೊಂಡ್ರು. ಅಷ್ಟೇ.”

ಬೂರಿಯನ್ ಹಲಗೆಯನ್ನೂ ಬೈರಿಗೆಯನ್ನೂ ನೋಡಿದ. “ಹಾಗಾದ್ರೆ ನೆಬೊಜ಼ೆಜ಼್ ಅಂದ್ರೆ ಮೊದಲಿಂದ ಈ ದೊಡ್ಡದೇ. ಸಣ್ಣದಕ್ಕೆ ಆಮೇಲೆ ಬಂದ ಹೆಸರು.”

ಅವನು ಚೆನ್ಯೆಕ್‌ಗೆ ಏನನ್ನೂ ಅಂದಿರಲಿಲ್ಲ. ಸುಮ್ಮನೆ ಲೆಕ್ಕ ಒಪ್ಪಿಸಿಕೊಳ್ಳುವವನ ಹಾಗೆ ಹೇಳಿದ್ದ. ಆದರೆ ಚೆನ್ಯೆಕ್ ಕಚೇರಿಯ ಮೇಜನ್ನೂ, ಬಾಗಿಲಲ್ಲಿ ಒರಗಿದ್ದ ಅನೆಷ್ಕಾಳನ್ನೂ ಕಂಡ. ಆವತ್ತು ತಾನು ಹೌದೆಂದ ಶಬ್ದಕ್ಕೆ ಎರಡು ಅರ್ಥವಿತ್ತು, ಅದು ತನ್ನ ತಪ್ಪಲ್ಲ ಎಂದು ಅವನು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಈಗ ಆ ಶಬ್ದವೇ ದೊಡ್ಡ ಬೈರಿಗೆಯ ಕಡೆ ನಿಂತಿತ್ತು. ಅದರ ಹೊಟ್ಟೆಯೊಳಗೆ ಒಂದು ನಾಭಿ ಯಾವಾಗಲೂ ಇತ್ತು. ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

ಮುದುಕ ಬೈರಿಗೆಯನ್ನು ಇನ್ನೂ ಹಿಡಿದೇ ಇದ್ದ.

ಚೆನ್ಯೆಕ್ ಹಿಡಿಯನ್ನು ತೆಗೆದುಕೊಂಡ. “ಅಧ್ಯಕ್ಷರೇ, ಆ ಕಿಟಕಿ ಹಲಗೆ ಮೇಲಿರೋ ನಾಭಿ ನಾನು ಕೊರೆದದ್ದು. ಹಿಮ ಬೀಳೋಕೆ ಮುಂಚೆ.”

“ಮತ್ತೆ ಇನ್ನೂ ಇಲ್ಲ ಇನ್ನೂ ಇಲ್ಲ ಅಂತ ರಾಗ ಹಾಡ್ತಿದ್ದೆ?”

“ಇವರು ಹೋದ್ಮೇಲೆ ಒಂದು ತಪ್ಪಾದ್ರೆ ಕೇಳೋಕೆ ಯಾರೂ ಇರಲ್ಲ ಅಂತ ಹೆದರಿದ್ದೆ. ನಾನು ಗಾಲಿಯವನಲ್ಲ. ಪೀಪಾಯಿಯವನು. ಕಚೇರಿಯಲ್ಲಿ ಹೇಳಿದ್ದು ಸಣ್ಣ ನೆಬೊಜ಼ೆಜ಼್ ವಿಷಯ. ಅವರು ದೊಡ್ಡದು ಅಂದ್ಕೊಂಡ್ರು, ನಾನು ಅಲ್ಲ ಅನ್ನಲಿಲ್ಲ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಬೂರಿಯನ್ ಒಂದು ಗುದ್ದು ಹಾಕುವವನಂತೆ ನೋಡಿದ. ಆಮೇಲೆ ಬೆಂಚಿನ ಮೇಲೆ ಧೊಪ್ಪನೆ ಕೂತ. “ಕೊರಿ,” ಎಂದ. “ಇಲ್ಲೇ. ನನ್ನ ಕಣ್ಣೆದುರಿಗೆ. ನೆಟ್ಟಗೆ ಬಂದ್ರೆ ಮುದುಕ ರೈಲು ಹತ್ತಲಿ. ಸೊಟ್ಟಗೆ ಬಂದ್ರೆ ನಿನ್ನ ಪೆಟ್ಟಿಗೆ ಕಟ್ಟು.”

ಸಣ್ಣ ತೂತು ಬಿದ್ದಿದ್ದ ಒಂದು ನಾಭಿಯನ್ನು ಇಗ್ನಾಜ್ ತಂದು ಗೂಟಗಳ ನಡುವೆ ಬಿಗಿದ. ಅದು ಅವನ ಕೈಯ ಕೆಲಸವೇ. ಬಿಗಿಯುವಾಗ ಬೇಕೆಂದರೂ ಓರೆ ಮಾಡಲಾರದಷ್ಟು ಅಭ್ಯಾಸ. ಚೆನ್ಯೆಕ್ ಅಲಗನ್ನು ಇಳಿಸಿದ. ಮೊದಲ ಸುತ್ತಿಗೇ ಒತ್ತಿದ. ಮರ ಕಿರ್ ಎಂದು ಕಚ್ಚಿತು, ಬೈರಿಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಅವನ ಹಣೆಯ ಬೆವರು ಹಿಡಿಯ ಮೇಲೆ ಬಿತ್ತು. ಇಗ್ನಾಜ್ ಹತ್ತಿರ ಬರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರದಿಂದಲೇ ಹೇಳಿದ:

“ಅವಳನ್ನು ಕೇಳುವುದು.”

ಚೆನ್ಯೆಕ್ ಕೈ ಸಡಿಲಿಸಿದ. ಹಿಡಿಯ ತಗ್ಗುಗಳಲ್ಲಿ ತನ್ನ ಅಂಗೈಗಳನ್ನು ಸರಿಯಾಗಿ ಕೂರಿಸಿದ. ಆ ತಗ್ಗುಗಳು ಅವನ ಕೈಗೆ ಸ್ವಲ್ಪ ದೊಡ್ಡವು. ಕಾಲು ಸುತ್ತು ಹಿಂದಕ್ಕೆ, ಅಲಗನ್ನು ಹೊರಗೆ ತೆಗೆದು ಚಕ್ಕೆ ಕೊಡವಿ, ಮತ್ತೆ ಇಳಿಸಿದ. ಈ ಸಲ ತಿರುಗಿಸಿದ ಮಾತ್ರ. ಮಧ್ಯಾಹ್ನವಾಯಿತು. ಅನೆಷ್ಕಾ ಬಾಗಿಲಿಗೆ ಬಂದು ನಿಂತಿದ್ದಳು, ಯಾರೂ ಅವಳನ್ನು ಗಮನಿಸಲಿಲ್ಲ. ಕೊನೆಗೆ ಅಲಗಿನ ತುದಿ ಆಚೆ ಮುಖದಲ್ಲಿ ಇಣುಕಿತು.

ಬೂರಿಯನ್ ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ತಾನೇ ಅಂಚಿಗೆ ಹಿಡಿದ. ಮೇಷ್ಟ್ರು ನಾಭಿಯನ್ನು ತಿರುಗಿಸಿದರು. ಬಿಳಿಯ ಗೆರೆ ಒಂದು ಕಡೆ ದಪ್ಪಗಿತ್ತು, ಇನ್ನೊಂದು ಕಡೆ ತೆಳ್ಳಗಿತ್ತು. ಆದರೆ ಎಲ್ಲೂ ಕಡಿದಿರಲಿಲ್ಲ.

“ಉಂಗುರ ಅಂದ್ರೆ ಉಂಗುರ,” ಎಂದ ಬೂರಿಯನ್. “ಬರ್ಕೊಳ್ಳಿ ಮೇಷ್ಟ್ರೇ. ಪಾಂಗರ್ಲ್, ಇಗ್ನಾಜ್. ರೈಲಿಗೆ.”

ಹೊರಡುವ ಬೆಳಿಗ್ಗೆ ಇಗ್ನಾಜ್ ಕಾರ್ಖಾನೆಗೆ ಬಂದ. ಮನೆಯ ಸಾಮಾನು, ಕಬ್ಬಿಣದ ಹತ್ಯಾರ ಯಾವುದನ್ನೂ ಒಯ್ಯುವ ಹಾಗಿರಲಿಲ್ಲ. ಅವನು ಬೈರಿಗೆಯನ್ನು ಮಗ್ಗುಲಾಗಿ ಮಲಗಿಸಿ, ಮರದ ಸುತ್ತಿಗೆಯಿಂದ ಹಿಡಿಯನ್ನು ಮೆಲ್ಲಗೆ ತಟ್ಟಿ ಹೊರಗೆ ಎಳೆದ. ಕಬ್ಬಿಣದ ಕಣ್ಣು ಖಾಲಿಯಾಯಿತು. ತಗ್ಗು ಬಿದ್ದ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಚೀಲಕ್ಕೆ ಹಾಕಿದ.

“ಇದು ಪಟ್ಟಿಯಲ್ಲಿ ಇಲ್ಲ,” ಎಂದ. “ಅವಳು ಹೊಸ ಕೈ ಕೇಳುವುದು. ನಿನ್ನ ಕೈ.”

“ಮೇಸ್ತ್ರೀ,” ಎಂದು ಚೆನ್ಯೆಕ್ ಶುರು ಮಾಡಿದ. “ಆ ಚಳಿಗಾಲ...”

“ಹೂಂ,” ಎಂದ ಮುದುಕ. ಕ್ಷಮಿಸಿದ್ದೇನೆ ಎಂದೋ, ನೆನಪಿದೆ ಎಂದೋ ಚೆನ್ಯೆಕ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಅನೆಷ್ಕಾ ರೊಟ್ಟಿ ಕಟ್ಟಿಕೊಟ್ಟಳು, ರೋಜ಼ೀನಾಳ ಅಕ್ಷರ ಹೊಲಿದಿದ್ದ ಬಟ್ಟೆಯಲ್ಲೇ. ಅವನು ಬಟ್ಟೆಯನ್ನು ನೋಡಿ, ಮೊದಲ ಸಲ ಅವಳ ಕೆನ್ನೆ ತಟ್ಟಿ ಹೋದ.

ಆಮೇಲಿನದು ಉದ್ದ, ಆದರೆ ಹೇಳುವಂಥದ್ದು ಕಡಿಮೆ. ಗಡಿ ಮುಚ್ಚಿತು. ಗುಡ್ಡಕ್ಕೆ ಮುಳ್ಳುತಂತಿ ಬಿತ್ತು. ಮೇವಿನ ಹೊಲದ ಮೇಲ್ಭಾಗಕ್ಕೆ ಹೋಗಬೇಕಾದರೂ ಅಪ್ಪಣೆ ಬೇಕಾಯಿತು. ಬೂರಿಯನ್‌ನ ಗಿರಣಿ ಸರ್ಕಾರದ ಪಾಲಾಯಿತು, ಅಧ್ಯಕ್ಷ ಪದವಿಯೂ ಹೋಯಿತು. ಅವನು ಬಂದು ಕಾರ್ಖಾನೆಯ ಬೆಂಚಿನ ಮೇಲೆ ಕೂರುತ್ತಿದ್ದ. “ಸಾಕಾ?” ಎಂದು ಕೇಳುತ್ತಿದ್ದ, ಹಳೆಯ ಅಭ್ಯಾಸಕ್ಕೆ. “ಇನ್ನೂ ಇಲ್ಲ, ಅಧ್ಯಕ್ಷರೇ,” ಎನ್ನುತ್ತಿದ್ದ ಚೆನ್ಯೆಕ್. ಈಗ ಅದಕ್ಕೆ ಇಬ್ಬರೂ ನಗುತ್ತಿದ್ದರು, ಅಷ್ಟೇನೂ ಜೋರಾಗಿ ಅಲ್ಲ. ಎಲ್ಲಿಗಾದರೂ ಹೋಗಬೇಕೆಂದು ಚೆನ್ಯೆಕ್‌ಗೂ ಅನಿಸಿದ್ದುಂಟು. ವೊಲಿನ್ಯದ ಸುಟ್ಟ ಮನೆಯ ಜಾಗವನ್ನು ಒಮ್ಮೆ ನೋಡಬೇಕೆಂದು. ಅದಕ್ಕೂ ಅಪ್ಪಣೆ ಸಿಗಲಿಲ್ಲ. ಕಣಿವೆಯ ಗಾಡಿಗಳು ಅವನನ್ನು ಹಿಡಿದಿಟ್ಟುಕೊಂಡವು, ಗಾಡಿಗಳು ಹೋಗಿ ರಬ್ಬರ್ ಗಾಲಿ ಬಂದ ಮೇಲೆ ಮನೆ ಹಿಡಿದಿಟ್ಟುಕೊಂಡಿತು. ಆಚೆ ಕಡೆಯಿಂದ ಯಾವ ಸುದ್ದಿಯೂ ಬರಲಿಲ್ಲ. ಬಾಗಿಲ ಮೇಲಿನ ಚಕ್ರ ಜರ್ಮನರದು, ಒಡೆಸಿ ಎಂದು ಯಾರೋ ಹೇಳಿದಾಗ ಅವನು ಕೇಳಿಸದವನಂತೆ ಇದ್ದ.

ಬೈರಿಗೆಗೆ ಅವನು ಅದೇ ಜಾತಿಯ ಮರದ ಹೊಸ ಹಿಡಿ ಮಾಡಿದ್ದ. ಬಹಳ ವರ್ಷ ಅದು ಅಂಗೈಯಲ್ಲಿ ಗುಳ್ಳೆ ಎಬ್ಬಿಸಿತು. “ಅರದಿಂದ ಉಜ್ಜಿ ತಗ್ಗು ಮಾಡ್ಕೋಬಾರದಾ?” ಎಂದು ಅನೆಷ್ಕಾ ಮುಲಾಮು ಹಚ್ಚುತ್ತ ಬಯ್ಯುತ್ತಿದ್ದಳು. ಅವನು ಉಜ್ಜಲಿಲ್ಲ. ತಗ್ಗು ತಾನಾಗಿಯೇ ಬಿತ್ತು, ನಿಧಾನವಾಗಿ, ಎರಡು ಕಡೆ.

ಪಕ್ಕದ ಊರಿನವರು ಬೇಲಿಯ ಕಂಬಕ್ಕೋ ನೀರಿನ ಮರದ ಕೊಳವೆಗೋ ಆ ಬೈರಿಗೆಯನ್ನು ಕೇಳಿಕೊಂಡು ಬರುತ್ತಿದ್ದರು. ಚೆನ್ಯೆಕ್ ಯಾರಿಗೂ ಇಲ್ಲವೆನ್ನಲಿಲ್ಲ. ಕೊಡುವ ಮುಂಚೆ ಅದನ್ನು ಮಗ್ಗುಲಾಗಿ ಮಲಗಿಸಿ, ಹಿಡಿಯನ್ನು ತಟ್ಟಿ ಹೊರಗೆ ಎಳೆದು, ಕಬ್ಬಿಣವನ್ನಷ್ಟೇ ಅವರ ಕೈಗೆ ಕೊಡುತ್ತಿದ್ದ.

“ಹಿಡಿ ಇಲ್ದೆ ಹೇಗೆ ಕೊರೆಯೋದು, ಲಿಷ್ಕಾ?”

“ನಿನ್ನದು ನೀನು ಮಾಡ್ಕೋ,” ಎನ್ನುತ್ತಿದ್ದ.